ಹಾರಿದ ಮೇಲೆ ಇಳಿಯುವುದೆಲ್ಲಿ?

ಹಡಗಿನ ಮೇಲಿಂದ ವಿಮಾನ ಹಾರಿಸುವುದು 1917ರ ಹೊತ್ತಿಗೆ ದೊಡ್ಡ ವಿಷಯವಾಗಿರಲಿಲ್ಲ. ಹಾರಿದ್ದು ಇಳಿಯುವುದೆಲ್ಲಿ ಎಂಬುದೇ ತೊಡಕು. ಹತ್ತಿರದಲ್ಲಿ ನೆಲವಿಲ್ಲದಿದ್ದರೆ ಗಾಲಿಯ ವಿಮಾನ ಸಮುದ್ರಕ್ಕೇ ಬೀಳಬೇಕು. ಪೈಲಟ್ ಬದುಕಿದರೆ ಅವನ ಅದೃಷ್ಟ, ವಿಮಾನವಂತೂ ಹೋದಂತೆಯೇ. ಅಮೆರಿಕದ ಯೂಜೀನ್ ಈಲಿ 1911ರಲ್ಲೇ ಹಡಗಿನ ಮೇಲೆ ಇಳಿದು ತೋರಿಸಿದ್ದ, ನಿಜ. ಆದರೆ ಆ ಹಡಗು ಲಂಗರು ಹಾಕಿ ನಿಂತಿತ್ತು.

ಚಲಿಸುವ ಹಡಗಿನ ಮೇಲೆ ಇಳಿಯುವ ಪ್ರಯೋಗ ನಡೆದದ್ದು ಬ್ರಿಟಿಷರ ‘ಫ್ಯೂರಿಯಸ್’ ಮೇಲೆ. ಅದು ಹುಟ್ಟಿದ್ದೇ ಬೇರೆ ಉದ್ದೇಶಕ್ಕೆ. ಬಾಲ್ಟಿಕ್ ಸಮುದ್ರದ ಆಳವಿಲ್ಲದ ನೀರಿಗೆ ನುಗ್ಗಿ ಜರ್ಮನಿಯ ಕರಾವಳಿಯನ್ನು ಬಡಿಯಬೇಕೆಂಬುದು ಅಡ್ಮಿರಲ್ ಜಾಕಿ ಫಿಶರ್‌ನ ಕನಸು. ಹೊಸ ಭಾರೀ ಯುದ್ಧನೌಕೆಗೆ ಸರ್ಕಾರ ಒಪ್ಪುವಂತಿರಲಿಲ್ಲ. ಹಾಗಾಗಿ ‘ದೊಡ್ಡ ಲಘು ಕ್ರೂಸರ್’ ಎಂದು ಹೆಸರಿಟ್ಟರು. ದೊಡ್ಡದೂ ಹೌದು, ಲಘುವೂ ಹೌದು! ಕಡತ ದಾಟಿಸುವ ಈ ವಿದ್ಯೆ ನಮ್ಮ ಕಚೇರಿಗಳಿಗೇನೂ ಹೊಸದಲ್ಲ. ಮುಂದೊಂದು, ಹಿಂದೊಂದು 18 ಇಂಚಿನ ಫಿರಂಗಿ ಕೂರಿಸುವ ಯೋಜನೆ. ಒಂದೊಂದು ಗುಂಡಿನ ತೂಕ ಸುಮಾರು ಒಂದೂವರೆ ಟನ್. ಫಿಶರ್ 1915ರಲ್ಲಿ ಹುದ್ದೆ ಬಿಟ್ಟ, ಬಾಲ್ಟಿಕ್ ಯೋಜನೆ ಮೂಲೆ ಸೇರಿತು, ಹಡಗು ಮಾತ್ರ ಬೆಳೆಯುತ್ತಲೇ ಹೋಯಿತು. ಕೊನೆಗೆ ಮುಂದಿನ ಫಿರಂಗಿಯನ್ನು ಕೈಬಿಟ್ಟು ಆ ಜಾಗದಲ್ಲಿ ಸುಮಾರು 70 ಮೀಟರ್ ಉದ್ದದ ಡೆಕ್ ಕಟ್ಟಿದರು. (ಕಾರವಾರದ ನೌಕಾನೆಲೆಯ ವಿಕ್ರಮಾದಿತ್ಯನ ಪೂರ್ವಜನ್ಮವೂ ಇಂಥದ್ದೇ. ಸೋವಿಯತ್ ಲೆಕ್ಕದಲ್ಲಿ ಅದು ‘ವಿಮಾನ ಹೊರುವ ಕ್ರೂಸರ್’. ಮುಂಭಾಗದ ಕ್ಷಿಪಣಿಗಳನ್ನು ಕಿತ್ತ ಮೇಲೆಯೇ ಅದಕ್ಕೆ ಉದ್ದಾನುದ್ದ ಡೆಕ್ ಬಂದದ್ದು.)

ಆ ಡೆಕ್ ಹಾರಲಿಕ್ಕೆ ಮಾತ್ರ. ಹಿಂದಿನಿಂದ ಬಂದು ಇಳಿಯೋಣವೆಂದರೆ ನಡುವೆ ಗೋಡೆಯಂತೆ ನಿಂತ ಹೊಗೆಕೊಳವೆ, ಬ್ರಿಜ್. 25 ವರ್ಷದ ಎಡ್ವಿನ್ ಡನ್ನಿಂಗ್ ಒಂದು ಲೆಕ್ಕ ಹಾಕಿದ. ಹಡಗು ಗಾಳಿಗೆದುರಾಗಿ 26 ನಾಟ್ ವೇಗದಲ್ಲಿ ಓಡಿ, ಎದುರುಗಾಳಿ 21 ನಾಟ್ ಇದ್ದರೆ, ಅವನ ಹಗುರ ಸಾಪ್‌ವಿತ್ ಪಪ್ ಡೆಕ್‌ನ ಮೇಲೆ ಹೆಚ್ಚುಕಡಿಮೆ ತೇಲುತ್ತ ನಿಲ್ಲುತ್ತದೆ. 1917ರ ಆಗಸ್ಟ್ 2ರಂದು ಸ್ಕಾಪಾ ಫ್ಲೋದಲ್ಲಿ ಹಡಗಿನ ಪಕ್ಕದಿಂದ ಮುಂದೆ ಬಂದ, ಅಡ್ಡಕ್ಕೆ ಸರಿದು ಡೆಕ್ ಮೇಲೆ ಬಂದ. ಜೊತೆಗಾರರು ಓಡಿ ವಿಮಾನಕ್ಕೆ ಕಟ್ಟಿದ್ದ ಪಟ್ಟಿಗಳನ್ನು ಹಿಡಿದು ಜಗ್ಗಿದರು. ಚಲಿಸುತ್ತಿದ್ದ ಹಡಗಿನ ಮೇಲೆ ವಿಮಾನ ಇಳಿದದ್ದು ಅದೇ ಮೊದಲು.

ಐದು ದಿನಗಳ ನಂತರ ಮತ್ತೆ ಯತ್ನಿಸಿದಾಗ ವಿಮಾನ ಅಂಚು ದಾಟಿ ಸಮುದ್ರಕ್ಕೆ ಬಿತ್ತು. ದೋಣಿ ತಲುಪುವಷ್ಟರಲ್ಲಿ ಡನ್ನಿಂಗ್ ಮುಳುಗಿ ಸತ್ತಿದ್ದ.

ನೌಕಾಪಡೆ ಹಿಂದಿನ ಫಿರಂಗಿಯನ್ನೂ ತೆಗೆದು ಅಲ್ಲೊಂದು ಇಳಿಯುವ ಡೆಕ್ ಕಟ್ಟಿತು. ನನಗನ್ನಿಸುವಂತೆ ಇದು ಅರೆಮನಸ್ಸಿನ ಕೆಲಸ: ಹೊಗೆಕೊಳವೆ, ಬ್ರಿಜ್ ನಡುವೆಯೇ ಉಳಿದವು. ಅವುಗಳ ಹಿಂದೆ ಸುಳಿಗಾಳಿ, ಬಿಸಿ ಹೊಗೆ. ಇಳಿಯಲು ಬಂದವರಲ್ಲಿ ಬಹುಪಾಲು ಜನ ಅಪಘಾತಕ್ಕೊಳಗಾದರು. ಆದ್ದರಿಂದ 1918ರ ಜುಲೈ 19ರಂದು ಟೊಂಡರ್ನ್‌ನ ಜೆಪ್ಪೆಲಿನ್ ನೆಲೆಯ ಮೇಲೆ ದಾಳಿಗೆ ಹೊರಟ ಏಳು ಕ್ಯಾಮೆಲ್ ವಿಮಾನಗಳಿಗೆ ಹಡಗಿಗೆ ಮರಳುವ ದಾರಿಯೇ ಇರಲಿಲ್ಲ. ಎಲ್‌ 54, ಎಲ್‌ 60 ಎಂಬ ಎರಡು ಜೆಪ್ಪೆಲಿನ್‌ಗಳು ಸುಟ್ಟು ಬೂದಿಯಾದವು. ಮೂವರು ಪೈಲಟ್‌ಗಳು ತಟಸ್ಥ ಡೆನ್ಮಾರ್ಕಿನಲ್ಲಿ ಇಳಿದರು, ಇನ್ನು ಮೂವರು ನೀರಿಗಿಳಿದು ಪಾರಾದರು. ಯೂಲೆಟ್ ಎಂಬ ತರುಣ ಮಾತ್ರ ಸಮುದ್ರದ ಪಾಲಾದ.

1925ರ ಹೊತ್ತಿಗೆ ನಡುವಿನ ಕಟ್ಟಡವನ್ನೆಲ್ಲ ಕೆಡವಿ, ಹೊಗೆಯನ್ನು ಕೊಳವೆಗಳಲ್ಲಿ ಹಿಂಬದಿಗೆ ಸಾಗಿಸಿ, ಮೇಲ್ಭಾಗವನ್ನು ಬಯಲು ಮಾಡಿದರು. ಹಾಗೆ ಬದಲಾದ ಫ್ಯೂರಿಯಸ್ ಎರಡನೆಯ ಮಹಾಯುದ್ಧದಲ್ಲೂ ದುಡಿಯಿತು. 1944ರಲ್ಲಿ ನಾರ್ವೆಯ ಕಡಲಚಾಚಿನಲ್ಲಿ ಅಡಗಿದ್ದ ‘ಟಿರ್ಪಿಟ್ಸ್’ ಮೇಲೆ ಅದರ ವಿಮಾನಗಳೂ ಬಾಂಬು ಹಾಕಿ, ಹೊರಟ ಡೆಕ್‌ಗೇ ಮರಳಿದವು. 1948ರಲ್ಲಿ ಅದನ್ನು ಗುಜರಿಗೆ ಮಾರಿದರು.