ಹುಲಿ ಲಂಡನ್ನಿನಲ್ಲಿ, ಗೋಡೆ ಶ್ರೀರಂಗಪಟ್ಟಣದಲ್ಲಿ

ರಜೆಗೆ ಊರಿಗೆ ಹೋದಾಗ ಮೈಸೂರು ಅಂದ್ರೆ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ. ಒಂದೇ ದಿನದಲ್ಲಿ ಮುಗಿಸಿಬಿಡ್ತೀವಿ, ಅಲ್ವಾ? ಈ ಸಲ ಇನ್ನೊಂದು ಅರ್ಧ ದಿನ ಇಟ್ಟುಕೊಳ್ಳಿ. ಬೆಂಗಳೂರು ದಾರಿಯಲ್ಲಿ ಸುಮಾರು 15 ಕಿಲೋಮೀಟರ್ ಬಂದರೆ ಕಾವೇರಿಯ ನಡುಗಡ್ಡೆ ಶ್ರೀರಂಗಪಟ್ಟಣ.

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕೆಳಗೆ ಬಿದ್ದ ಯುರೋಪಿಯನ್ನನ ಮೇಲೆ ಎರಗಿದ ಹುಲಿ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟುತ್ತೆ, ಮನುಷ್ಯ ನರಳ್ತಾನೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ ಮೇಲೆ ಬ್ರಿಟಿಷರು ಅರಮನೆಯಿಂದ ಅದನ್ನು ಹೊತ್ತೊಯ್ದರು. ಗಾಜಿನ ಪೆಟ್ಟಿಗೆಯಲ್ಲಿ ನೋಡಿದ ಮಕ್ಕಳಿಗೆ ಅದೊಂದು ವಿಚಿತ್ರ ಆಟಿಕೆ, ಅಷ್ಟೇ.

ಆ ಹಗೆಯ ಕಥೆ ತಿಳೀಬೇಕಾದ್ರೆ ದರಿಯಾ ದೌಲತ್‌ಗೆ ಬನ್ನಿ. 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆ ತುಂಬ ಪೊಲ್ಲಿಲೂರು ಯುದ್ಧದ ಚಿತ್ರ. ಕಾಂಚೀಪುರದ ಹತ್ತಿರ 1780ರಲ್ಲಿ ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಯುದ್ಧ ಅದು. ಸೋತ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ.

ಟಿಪ್ಪು ಸತ್ತ ಮೇಲೆ ಇದೇ ಮನೆಯಲ್ಲಿ ವಾಸವಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿ. ತನ್ನವರ ಸೋಲಿನ ಚಿತ್ರವನ್ನು ಅವನು ಅಳಿಸಿ ಹಾಕಲಿಲ್ಲ, ಸರಿಪಡಿಸಿ ಉಳಿಸಿದ.

ಮಕ್ಕಳನ್ನು ಈ ಗೋಡೆ ಮುಂದೆ ನಿಲ್ಲಿಸಿ, ಪಲ್ಲಕ್ಕಿ ಎಲ್ಲಿದೆ ಹುಡುಕಿ ಅನ್ನಿ. ಆಮೇಲೆ ಲಂಡನ್ನಿನ ಹುಲಿ ಅವರಿಗೆ ಬರೀ ಆಟಿಕೆಯಾಗಿ ಕಾಣೋದಿಲ್ಲ.