ಅರ್ಧ ಗಂಟೆಯ ಫೆರಿ, ಒಂದು ದಿನದ ಬಿಡುವು: ಸಿಡ್ನಿಯ ಮ್ಯಾನ್ಲಿ

ಮ್ಯಾನ್ಲಿ ಸಿಡ್ನಿ ನಗರದ ಈಶಾನ್ಯ ಅಂಚಿನಲ್ಲಿರುವ ಕಡಲೂರು. ಒಂದು ಬದಿಗೆ ಸಿಡ್ನಿ ಬಂದರಿನ ಶಾಂತ ನೀರು, ಇನ್ನೊಂದು ಬದಿಗೆ ಪೆಸಿಫಿಕ್ ಸಾಗರದ ತೆರೆ. ನಡುವೆ ಇರುವುದು ಐದಾರು ನಿಮಿಷದಲ್ಲಿ ನಡೆದು ದಾಟಬಹುದಾದ ಮರಳು ನೆಲ. ನಗರದ ನಡುವಿನ ಸರ್ಕ್ಯುಲರ್ ಕೀ ಹಡಗುಕಟ್ಟೆಯಿಂದ ಇಲ್ಲಿಗೆ ಸುಮಾರು 11 ಕಿಲೋಮೀಟರ್ ಜಲದಾರಿ, ಅರ್ಧ ಗಂಟೆಯ ಫೆರಿ ಪ್ರಯಾಣ. ಎರಡು ಮೂರು ದಿನದ ಮಟ್ಟಿಗೆ ಸಿಡ್ನಿ ನೋಡಲು ಬಂದವರು ಒಂದು ದಿನವನ್ನು ಮ್ಯಾನ್ಲಿಗೆ ಎತ್ತಿಡುವುದು ಇಂದಿನ ವಾಡಿಕೆ. ಈ ವಾಡಿಕೆಗೆ ನೂರೈವತ್ತು ವರ್ಷ ಮೀರಿದ ಚರಿತ್ರೆಯಿದೆ. ಕಡಲು ಅಲ್ಲಿ ಮೊದಲಿನಿಂದಲೂ ಇತ್ತು. ಊರನ್ನು ವಿಹಾರದ ತಾಣ ಮಾಡಿದ್ದು ಫೆರಿ, ಮತ್ತು ಆ ಫೆರಿ ಹತ್ತಲು ದುಡಿಯುವ ಜನಕ್ಕೆ ದೊರೆತ ಬಿಡುವು.

ಅದಕ್ಕೂ ಮುಂಚಿನ ಕಥೆ ವಿಹಾರದ್ದಲ್ಲ. ಈ ತೀರ ಗಾಯಮಾಯ್ಗಲ್ ಎಂಬ ಮೂಲನಿವಾಸಿ ಕುಲದವರದು. ಮೀನು, ಚಿಪ್ಪುಜೀವಿಗಳು ಅವರ ಆಹಾರ. ಅಕ್ಕಪಕ್ಕದ ಬಂಡೆಗಳ ಮೇಲೆ ಪ್ರಾಣಿಗಳ, ಮೀನುಗಳ ರೇಖಾಚಿತ್ರಗಳನ್ನು ಕೊರೆಯಲಾಗಿದ್ದು, ಗ್ರಾಟೊ ಪಾಯಿಂಟ್ ಎಂಬಲ್ಲಿ ಅವು ಈಗಲೂ ಕಾಣಸಿಗುತ್ತವೆ. 1788ರ ಜನವರಿಯಲ್ಲಿ ಬ್ರಿಟಿಷ್ ವಸಾಹತಿನ ಮೊದಲ ಗವರ್ನರ್ ಆರ್ಥರ್ ಫಿಲಿಪ್ ದೋಣಿಯಲ್ಲಿ ಬಂದಾಗ ಇಲ್ಲಿನ ಗಂಡಸರು ಅಂಜದೆ ನೀರಿಗಿಳಿದು ಎದುರುಗೊಂಡರು. ಅವರ ಧೈರ್ಯವನ್ನು, ಗಂಡೆದೆಯ ನಡೆಯನ್ನು ಮೆಚ್ಚಿ ಅವನು ಇಟ್ಟ ಹೆಸರೇ ಮ್ಯಾನ್ಲಿ. ಅದೇ ವರ್ಷದ ಕೊನೆಯ ದಿನ, ಅದೇ ಫಿಲಿಪ್‌ನ ಆಜ್ಞೆಯಂತೆ, ಅರಬನೂ ಎಂಬ ಯುವಕನನ್ನು ಇದೇ ತೀರದಿಂದ ಹಿಡಿದೊಯ್ದರು. ಅವನಿಂದ ಭಾಷೆ ಕಲಿಯಬೇಕು, ಅವನ ಮೂಲಕ ಉಳಿದವರೊಡನೆ ಮಾತುಕತೆ ನಡೆಸಬೇಕು ಎಂಬುದು ಲೆಕ್ಕಾಚಾರ. 1789ರಲ್ಲಿ ಸಿಡುಬು ಹರಡಿತು. ಸಿಡ್ನಿ ಸುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಅದಕ್ಕೆ ಬಲಿಯಾದರೆಂದು ಫಿಲಿಪ್ ಅಂದಾಜು ಮಾಡಿದ್ದ. ರೋಗಿಗಳ ಆರೈಕೆಯಲ್ಲಿದ್ದ ಅರಬನೂ ಮೇ ತಿಂಗಳಲ್ಲಿ ತಾನೂ ಅದರಿಂದಲೇ ಸತ್ತ.

ಅವನ ಜಾಗಕ್ಕೆಂದು ನವೆಂಬರಿನಲ್ಲಿ ಬೆನೆಲಾಂಗ್ ಮತ್ತು ಕೋಲ್ಬಿ ಎಂಬಿಬ್ಬರನ್ನು ಮತ್ತೆ ಮ್ಯಾನ್ಲಿಯಿಂದಲೇ ಸೆರೆಹಿಡಿಯಲಾಯಿತು. ಇಬ್ಬರೂ ಬೇರೆ ಬೇರೆ ಸಮಯದಲ್ಲಿ ತಪ್ಪಿಸಿಕೊಂಡರು. 1790ರ ಸೆಪ್ಟೆಂಬರ್ 7ರಂದು ತೀರಕ್ಕೆ ಬಂದು ಬಿದ್ದಿದ್ದ ತಿಮಿಂಗಿಲದ ಸುತ್ತ ಔತಣ ನಡೆದಿತ್ತು. ಬೆನೆಲಾಂಗ್ ಅಲ್ಲಿದ್ದಾನೆಂದು ಕೇಳಿ ಫಿಲಿಪ್ ಬಂದ. ಮಾತುಕತೆಯ ನಡುವೆ ವಿಲೆಮರಿಂಗ್ ಎಂಬವನು ಎಸೆದ ಈಟಿ ಗವರ್ನರನ ಭುಜದ ಬಳಿ ನಾಟಿತು. ಪ್ರತೀಕಾರ ಕೂಡದೆಂದು ಫಿಲಿಪ್ ಆಜ್ಞೆ ಮಾಡಿದ, ಗಾಯವೂ ಮಾಯಿತು. ಹಿಂದಿನ ಅಪಹರಣಗಳಿಗೆ ಸಲ್ಲಬೇಕಾದ ದಂಡ ಇದೆಂದು ಹಲವು ಇತಿಹಾಸಕಾರರು ಅರ್ಥೈಸುತ್ತಾರೆ. ಘಟನೆಗಳ ಸರಣಿ ನೋಡಿದರೆ ಈ ಮಾತೇ ಹೆಚ್ಚು ಒಪ್ಪುವಂತಿದೆ. ಇಂದಿನ ಫೆರಿ ಕಟ್ಟೆಯ ಆಸುಪಾಸಿನಲ್ಲೇ ನಡೆದ ಈ ಪ್ರಸಂಗಗಳು ಪ್ರವಾಸಿಗರ ಕಿವಿಗೆ ಬೀಳುವುದು ಕಡಿಮೆ. ಬಂದರಿನ ಹೊರಬಾಗಿಲಿಗೆ ಎದುರಾಗಿರುವ ಡಾಬ್ರಾಯ್ಡ್ ಹೆಡ್ ಭೂಶಿರದ ಒಂದು ವೀಕ್ಷಣಾ ಸ್ಥಳಕ್ಕೆ ಅರಬನೂನ ಹೆಸರಿದೆ.

ಮುಂದಿನ ಅರವತ್ತು ವರ್ಷ ಮ್ಯಾನ್ಲಿಯಲ್ಲಿ ಬೆರಳೆಣಿಕೆಯ ಹೊಲಮನೆಗಳು, ಬೆಸ್ತರ ಗುಡಿಸಲುಗಳು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಹತ್ತಿರದ ನಾರ್ತ್ ಹೆಡ್‌ನಲ್ಲಿ ಮಾತ್ರ 1830ರ ದಶಕದಿಂದ ಕ್ವಾರಂಟೈನ್ ಕೇಂದ್ರವಿತ್ತು. ರೋಗದ ಶಂಕೆಯಿದ್ದ ಹಡಗುಗಳ ಪ್ರಯಾಣಿಕರು ಹೊಸ ನಾಡಿನ ನೆಲ ಮೆಟ್ಟುವ ಮೊದಲು ಅಲ್ಲಿ ದಿನಗಟ್ಟಲೆ ಕಾಯಬೇಕಿತ್ತು. ಹಡಗಿನ ಹೆಸರು, ತಮ್ಮ ಹೆಸರು, ಇಸವಿಗಳನ್ನು ಅವರು ಅಲ್ಲಿನ ಮರಳುಗಲ್ಲಿನಲ್ಲಿ ಕೆತ್ತಿದ್ದಾರೆ. ಸಿಡ್ನಿಗೆ ಬಂದಿಳಿದವರ ಬಗ್ಗೆ ಇಷ್ಟು ಹತ್ತಿರದಿಂದ ಹೇಳುವ ಸ್ಮಾರಕ ನಗರದೊಳಗೆ ಇನ್ನೊಂದಿಲ್ಲ. ಕೇಂದ್ರ ಮುಚ್ಚಿದ್ದು 1984ರಲ್ಲಿ.

ಮ್ಯಾನ್ಲಿಯನ್ನು ವಿಹಾರಧಾಮವಾಗಿ ಕಲ್ಪಿಸಿಕೊಂಡವನು ಹೆನ್ರಿ ಗಿಲ್ಬರ್ಟ್ ಸ್ಮಿತ್ ಎಂಬ ಇಂಗ್ಲಿಷ್ ವ್ಯಾಪಾರಿ. 1853ರಲ್ಲಿ ಅವನು ಇಲ್ಲಿ ಜಮೀನು ಕೊಂಡ. ಲಂಡನ್ ಜನ ಗಾಳಿ ಬದಲಾವಣೆಗೆ ಹೋಗುತ್ತಿದ್ದ ಬ್ರೈಟನ್ ಅವನ ಕಣ್ಣಮುಂದಿತ್ತು. ಊರಿಗೆ ಅದೇ ಹೆಸರಿಡಲು ಹೊರಟ, ಅದು ನಿಲ್ಲಲಿಲ್ಲ. ಆದರೆ ಸಮುದ್ರದ ಬದಿಯ ರಸ್ತೆಗೆ ಬ್ರೈಟನ್ನಿನಿಂದ ತಂದ ಸ್ಟೈನ್ ಎಂಬ ಹೆಸರು, ಬಂದರಿನಿಂದ ಬೀಚಿಗೆ ನೇರ ಹೋಗುವ ಬೀದಿಗೆ ರೋಮ್‌ನಿಂದ ತಂದ ಕಾರ್ಸೊ ಎಂಬ ಹೆಸರು ಉಳಿದವು. ಹಡಗುಕಟ್ಟೆ, ಹೋಟೆಲು ಎದ್ದವು; ಗುಡ್ಡದ ಮೇಲೆ ಕಲ್ಲಿನ ಕಾಂಗರೂ ಒಂದನ್ನು ನಿಲ್ಲಿಸಲಾಯಿತು, ಅದು ಇವತ್ತಿಗೂ ಇದೆ. ತೀರದುದ್ದಕ್ಕೆ ನಾರ್ಫೋಕ್ ಪೈನ್ ಮರಗಳನ್ನು ನೆಡುವ ಕೆಲಸವೂ ಅವನ ಕಾಲದಲ್ಲೇ ಮೊದಲಾಯಿತು. ಸ್ಮಿತ್‌ಗೆ ಇದೆಲ್ಲ ನಿವೇಶನ ಮಾರುವ ಉಪಾಯವೂ ಆಗಿತ್ತು. ರಸ್ತೆ ಹಿಡಿದು ಬರಬೇಕೆಂದರೆ ನಡುವೆ ಬಂದರಿನ ಒಂದು ಕವಲನ್ನು ದಾಟಬೇಕಿತ್ತು, ಇಲ್ಲವೇ ಬಹುದೂರ ಸುತ್ತಬೇಕಿತ್ತು. ಹೀಗಾಗಿ ಹಬೆ ಹಡಗಿನ ಸಂಚಾರ ಏರ್ಪಡಿಸದೆ ಅವನ ಜಮೀನಿಗೆ ಬೆಲೆ ಬರುವಂತಿರಲಿಲ್ಲ. 1850ರ ದಶಕದ ನಡುವಿನಲ್ಲಿ ಆ ಸಂಚಾರ ಆರಂಭವಾಯಿತು.

ಹಡಗು ಬಂದರೆ ಸಾಲದು, ಹತ್ತುವವರಿಗೆ ಬಿಡುವು ಬೇಕು. ಸಿಡ್ನಿಯ ಕಲ್ಲುಕುಟಿಗರು ದಿನಕ್ಕೆ ಎಂಟು ಗಂಟೆಯ ದುಡಿಮೆಯ ಹಕ್ಕನ್ನು ಗೆದ್ದುಕೊಂಡದ್ದು 1855ರಲ್ಲಿ, ಸರಿಸುಮಾರು ಮ್ಯಾನ್ಲಿಯ ಮೊದಲ ಹಡಗುಕಟ್ಟೆ ಎದ್ದ ಕಾಲಕ್ಕೆ. ಉಳಿದ ಕಸುಬಿನವರಿಗೆ ಅದು ತಲುಪಲು ದಶಕಗಳೇ ಹಿಡಿದವು. ಶನಿವಾರದ ಅರ್ಧ ದಿನದ ರಜೆ ಬಳಕೆಗೆ ಬರುತ್ತಿದ್ದಂತೆ ಫೆರಿಗಳೂ ದೊಡ್ಡವಾದವು. 1883ರಲ್ಲಿ ಬ್ರೈಟನ್ ಹೆಸರಿನ, ಪಕ್ಕದ ಗಾಲಿಗಳಿಂದ ಸಾಗುವ ಹಬೆ ಹಡಗು ಈ ದಾರಿಗೆ ಬಂತು. ಶತಮಾನ ಮುಗಿಯುವಷ್ಟರಲ್ಲಿ ಎರಡೂ ತುದಿ ಮೂತಿಯಂತಿದ್ದು, ಎರಡೂ ಕಡೆ ಚುಕ್ಕಾಣಿಯ ಕೋಣೆಯಿರುವ ಫೆರಿಗಳು ಬಂದವು. ಕಟ್ಟೆಯಲ್ಲಿ ಹಡಗನ್ನು ತಿರುಗಿಸುವ ಗೋಜಿಲ್ಲ. ಜನ ಇಳಿದು ಹತ್ತುವಷ್ಟರಲ್ಲಿ ಕಪ್ತಾನ ಈ ತುದಿಯಿಂದ ಆ ತುದಿಗೆ ನಡೆದು ಹೋದರೆ ಹಡಗು ಹಿಂದಿರುಗಲು ಸಿದ್ಧ. ರಜೆಯ ದಿನದ ಜನಜಂಗುಳಿಯನ್ನು ಸಾಗಿಸಲು ಇದಕ್ಕಿಂತ ಒಳ್ಳೆಯ ವಿನ್ಯಾಸ ಆಗ ಇರಲಿಲ್ಲ.

ಹೀಗೆ ಬೀಚಿಗೆ ಬಂದವರು ಮಾಡುತ್ತಿದ್ದುದು ತಿರುಗಾಟ, ಊಟ, ಗಾಳಿ ಸೇವನೆ. ಹಗಲಿನಲ್ಲಿ ನೀರಿಗಿಳಿಯುವುದು ಅಪರಾಧವಾಗಿತ್ತು. 1830ರ ದಶಕದ ಕಾನೂನು ಬೆಳಗ್ಗೆ 6ರಿಂದ ರಾತ್ರಿ 8ರವರೆಗೆ ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಸ್ನಾನ ಮಾಡುವುದನ್ನು ನಿಷೇಧಿಸಿತ್ತು. 1902ರಲ್ಲಿ ಸ್ಥಳೀಯ ಪತ್ರಿಕೆಯ ಸಂಪಾದಕ ವಿಲಿಯಂ ಗೋಚರ್ ತನ್ನ ಪತ್ರಿಕೆಯಲ್ಲಿ ಮುಂಚಿತವಾಗಿ ಸಾರಿ, ಹಾಡಹಗಲೇ ಮ್ಯಾನ್ಲಿಯಲ್ಲಿ ಈಜಿದ. ಪೊಲೀಸರು ಮೊಕದ್ದಮೆ ಹೂಡಲಿಲ್ಲ. ಅವನೊಬ್ಬನೇ ಕಾನೂನು ಮುರಿದ ವೀರನೆಂಬ ಮಾತು ಉತ್ಪ್ರೇಕ್ಷೆ. ಬೇರೆ ಬೀಚುಗಳಲ್ಲೂ ಜನ ಆಗಲೇ ಕದ್ದುಮುಚ್ಚಿ ಇಳಿಯುತ್ತಿದ್ದರು. ಆದರೂ ಅಧಿಕಾರಿಗಳು ನಿಲುವು ಸ್ಪಷ್ಟಪಡಿಸಲೇಬೇಕಾದ ಸ್ಥಿತಿಯನ್ನು ತಂದವನು ಗೋಚರ್. 1903ರಲ್ಲಿ ಮ್ಯಾನ್ಲಿ ನಗರಸಭೆ ಹಗಲು ಸ್ನಾನಕ್ಕೆ ಅನುಮತಿ ಕೊಟ್ಟಿತು, ಕುತ್ತಿಗೆಯಿಂದ ಮೊಣಕಾಲಿನವರೆಗೆ ಮೈ ಮುಚ್ಚಿರಬೇಕೆಂಬ ಷರತ್ತಿನೊಂದಿಗೆ.

ತೆರೆಯಲ್ಲಿ ಆಡುವ ವಿದ್ಯೆಯನ್ನು ಮ್ಯಾನ್ಲಿಯವರಿಗೆ ಕಲಿಸಿದವರಲ್ಲಿ ಮೊದಲು ಕೇಳಿಬರುವ ಹೆಸರು ಟಾಮಿ ಟಾನಾ. ಈಗಿನ ವನುವಾಟು ದೇಶದ ಟಾನಾ ದ್ವೀಪದಿಂದ ಬಂದು ಊರಿನಲ್ಲಿ ಕೆಲಸಕ್ಕಿದ್ದ ಈ ಯುವಕ, ಏಳುವ ತೆರೆಯ ಮುಂದೆ ಮೈಚಾಚಿ ಅದರೊಡನೆ ದಡಕ್ಕೆ ಜಾರಿಬರುತ್ತಿದ್ದ, ನೋಡಿದವರು ಕಲಿತರು. ಈಜು ಬಾರದವರೂ ನೀರಿಗೆ ನುಗ್ಗತೊಡಗಿದ್ದರಿಂದ ಸಾವುಗಳೂ ಹೆಚ್ಚಿದವು. ದಡದ ತೆರೆ ಮೃದುವಾಗಿ ಕಂಡ ಜಾಗದಲ್ಲೇ ಹಿಂದಕ್ಕೆ ಸೆಳೆಯುವ ನೀರಿನ ಜಾಡಿರುತ್ತದೆ. ಅದು ಕ್ಷಣಮಾತ್ರದಲ್ಲಿ ಆಳಕ್ಕೆ ಒಯ್ಯುತ್ತದೆ. ಸ್ಲೈ ಎಂಬ ಬೆಸ್ತ ಸಹೋದರರು ತಮ್ಮ ದೋಣಿಯಲ್ಲಿ ಕಾವಲು ಕಾದರು. 1907ರಲ್ಲಿ ಸಿಡ್ನಿಯ ಬೀಚುಗಳ ಜೀವರಕ್ಷಕ ತಂಡಗಳು ಒಂದು ಸಂಘವಾಗಿ ಸೇರಿದವು. ಅವರ ಮುಖ್ಯ ಸಾಧನ ದೊಡ್ಡ ರಾಟೆಗೆ ಸುತ್ತಿದ ಹಗ್ಗ. ಸೊಂಟಪಟ್ಟಿಗೆ ಹಗ್ಗದ ತುದಿ ಕಟ್ಟಿಕೊಂಡು ಒಬ್ಬ ಮುಳುಗುವವನ ಕಡೆಗೆ ಈಜುವನು, ಮಿಕ್ಕವರು ಹಗ್ಗ ಬಿಡುತ್ತ ಹೋಗಿ, ಕೈಸನ್ನೆ ಕಂಡೊಡನೆ ಇಬ್ಬರನ್ನೂ ಎಳೆದು ದಡ ಸೇರಿಸುವರು. ಸಂಬಳವಿಲ್ಲದೆ ರಜೆಯ ದಿನವನ್ನು ಪರರ ಪ್ರಾಣಕ್ಕೆ ಕೊಟ್ಟ ಈ ಜನ ಆಸ್ಟ್ರೇಲಿಯದ ಬೀಚ್ ಸಂಸ್ಕೃತಿಯ ಅತ್ಯಂತ ಗೌರವಾರ್ಹ ಭಾಗ.

ಪಕ್ಕದ ಫ್ರೆಶ್‌ವಾಟರ್ ಬೀಚಿನಲ್ಲಿ 1914-15ರ ಬೇಸಿಗೆಯಲ್ಲಿ ಹವಾಯಿಯ ಈಜುಗಾರ ಡ್ಯೂಕ್ ಕಹಾನಮೋಕು ಹಲಗೆಯ ಮೇಲೆ ನಿಂತು ತೆರೆ ಏರಿ ತೋರಿಸಿದ. ಆ ಹಲಗೆಯನ್ನು ಅಲ್ಲಿನ ಕ್ಲಬ್ಬಿನಲ್ಲಿ ಕಾಪಾಡಿ ಇಡಲಾಗಿದೆ. 1964ರಲ್ಲಿ ಮ್ಯಾನ್ಲಿಯಲ್ಲೇ ವಿಶ್ವ ಸರ್ಫಿಂಗ್ ಚಾಂಪಿಯನ್‌ಷಿಪ್ ನಡೆದು, ಸಿಡ್ನಿಯ ಮಿಡ್ಜೆಟ್ ಫ್ಯಾರೆಲಿ ಗೆದ್ದ.

ಎರಡು ಮಹಾಯುದ್ಧಗಳ ನಡುವಿನ ಕಾಲವೇ ಫೆರಿಯ ಸುಗ್ಗಿ. ಪ್ರಯಾಣಿಕರನ್ನು ಸೆಳೆಯಲು ಫೆರಿ ಕಂಪನಿ ಮ್ಯಾನ್ಲಿಯಲ್ಲಿ ಮನರಂಜನೆಗೂ ಹಣ ಹೂಡಿತು. 1931ರಲ್ಲಿ ಬಂದರಿನ ಬದಿಯ ನೀರಿಗೆ ಬಲೆ ಕಟ್ಟಿ, ಸುತ್ತ ನಡೆದಾಡಲು ಮರದ ಹಾಸು ಹಾಸಿ ಈಜುಕೊಳ ತೆರೆಯಿತು. ಶಾರ್ಕ್ ಭಯವಿಲ್ಲದ ಈಜು ಆಗ ದೊಡ್ಡ ಆಕರ್ಷಣೆ. 1932ರಲ್ಲಿ ಹಾರ್ಬರ್ ಸೇತುವೆ ತೆರೆದಾಗ ಒಳಬಂದರಿನ ಫೆರಿಗಳು ಬಹಳಷ್ಟು ಪ್ರಯಾಣಿಕರನ್ನು ಕಳೆದುಕೊಂಡವು. ಸುತ್ತುದಾರಿಯ ಮ್ಯಾನ್ಲಿಗೆ ಆ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ. 1938ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಕಟ್ಟಿದ ಸೌತ್ ಸ್ಟೈನ್ ಎಂಬ ಹಬೆ ಫೆರಿ ಸ್ವಂತ ಬಲದಲ್ಲೇ ಸಾಗರಗಳನ್ನು ದಾಟಿ ಸಿಡ್ನಿಗೆ ಬಂತು. ಸಾವಿರಕ್ಕೂ ಮೀರಿದ ಜನರನ್ನು ಒಮ್ಮೆಗೇ ಹೊರುತ್ತಿತ್ತು.

ಕುಸಿತ ಬಂದದ್ದು ಕಾರುಗಳಿಂದ. ವೇಗ ಬೇಕೆನ್ನುವವರಿಗಾಗಿ 1965ರಲ್ಲಿ ಹೈಡ್ರೋಫಾಯಿಲ್ ದೋಣಿಗಳು ಬಂದರೂ ಹಳೆಯ ಹಡಗುಗಳು ನಷ್ಟಕ್ಕೆ ಬಿದ್ದವು. 1974 ಕೆಟ್ಟ ವರ್ಷ: ಮೇ ತಿಂಗಳ ಬಿರುಗಾಳಿ ಈಜುಕೊಳದ ಹಾಸನ್ನು ಒಡೆದುಹಾಕಿತು, ಆಗಸ್ಟಿನಲ್ಲಿ ಸೌತ್ ಸ್ಟೈನ್‌ಗೆ ಬೆಂಕಿ ಬಿತ್ತು, ಫೆರಿ ಸಂಚಾರವನ್ನು ಸರ್ಕಾರವೇ ವಹಿಸಿಕೊಳ್ಳಬೇಕಾಯಿತು. ಅದೇ ಕಾಲಕ್ಕೆ ತೀರದ ಪೈನ್ ಮರಗಳು ಒಣಗುತ್ತಿದ್ದವು. ಕಡಲಿಗೆ ಬಿಡುತ್ತಿದ್ದ ಒಳಚರಂಡಿ ನೀರಿನಲ್ಲಿದ್ದ ಡಿಟರ್ಜೆಂಟ್, ಉಪ್ಪುಗಾಳಿಯೊಡನೆ ಎಲೆಗಳಿಗೆ ತಾಗಿ ಅವುಗಳ ಮೇಣದ ಹೊದಿಕೆಯನ್ನು ಕೆಡಿಸುತ್ತಿತ್ತೆಂದು ವಿಜ್ಞಾನಿಗಳು ಕಂಡುಕೊಂಡರು. ಕೊಳಚೆ ನೀರನ್ನು ದೂರದ ಆಳಕ್ಕೆ ಒಯ್ಯುವ ಕೊಳವೆಗಳು ಸಿದ್ಧವಾದದ್ದು 1990ರ ಹೊತ್ತಿಗೆ. ಪ್ರವಾಸಿಗರಿಗೆ ಚೆಲುವು ಮಾರುವ ನಗರ ಅದೇ ಚೆಲುವಿಗೆ ತನ್ನ ಕೊಳೆಯನ್ನು ಅಷ್ಟು ವರ್ಷ ಸುರಿದದ್ದು ಅಕ್ಷಮ್ಯ.

1982ರಿಂದ ಬಂದ ಫ್ರೆಶ್‌ವಾಟರ್ ಮಾದರಿಯ ಡೀಸೆಲ್ ಫೆರಿಗಳು ಈ ದಾರಿಗೆ ಮರುಜೀವ ಕೊಟ್ಟವು. 2021ರಲ್ಲಿ ಎಮರಾಲ್ಡ್ ಮಾದರಿಯ ಚಿಕ್ಕ ಫೆರಿಗಳನ್ನು ತಂದಾಗ ದೊಡ್ಡ ಹಡಗುಗಳನ್ನು ಉಳಿಸಬೇಕೆಂದು ಊರವರು ದನಿಯೆತ್ತಿದರು. ಈ ಅರ್ಧ ಗಂಟೆಯ ದಾರಿಯಲ್ಲಿ ಕೆಲವು ನಿಮಿಷ ಮಾತ್ರ ಫೆರಿ ಬಂದರಿನ ಹೊರಬಾಗಿಲಿಗೆ ಎದುರಾಗಿ ಸಾಗುತ್ತದೆ. ಅಲ್ಲಿ ಸಾಗರದ ಉಬ್ಬು ನೇರವಾಗಿ ಪಕ್ಕಕ್ಕೆ ಬಡಿಯುತ್ತದೆ. ಉಬ್ಬು ಮಿತಿಮೀರಿದ ದಿನ ಸಂಚಾರ ನಿಲ್ಲುತ್ತದೆ, ಪ್ರಯಾಣಿಕರು ಸ್ಪಿಟ್ ಸೇತುವೆಯ ಮೇಲಿನ ಬಸ್ಸಿನಲ್ಲಿ ನಗರಕ್ಕೆ ಮರಳುತ್ತಾರೆ.