ಕೋಣ ಕರೆಗಿಳಿಯುವ ಮೊದಲು

ಕಳೆದ ಚಳಿಗಾಲದ ಒಂದು ಗುರುವಾರ ರಾತ್ರಿ ಪ್ರಯೋಗಾಲಯದ ಜಪಾನಿ ಮಿತ್ರರೊಬ್ಬರ ಮನೆಯಲ್ಲಿ ನಮಗೆ ಊಟವಿತ್ತು. ಕತಾರಿನಲ್ಲಿ ಜಪಾನಿಯರ ಪರಿಚಯವಾಗುವುದು ಆಶ್ಚರ್ಯವೇನಲ್ಲ. ಇಲ್ಲಿಯ ದ್ರವೀಕೃತ ಅನಿಲವನ್ನು ತುಂಬಿಕೊಂಡ ಮೊದಲ ಹಡಗು 1996ರ ಕೊನೆಯಲ್ಲಿ ಹೊರಟದ್ದೇ ಜಪಾನಿಗೆ. ಈ ಮಿತ್ರರಿಗೆ ಕುದುರೆ ಜೂಜಿನ ಹುಚ್ಚು. ನಮ್ಮ ಪಕ್ಕದ ರಿಯಾದಿನಲ್ಲಿ 2023ರಲ್ಲಿ ಪಂಥಲಾಸ ಎಂಬ ಜಪಾನಿ ಕುದುರೆ, 2025ರಲ್ಲಿ ಫಾರೆವರ್ ಯಂಗ್ ಎಂಬ ಇನ್ನೊಂದು, ಸೌದಿ ಕಪ್ ಗೆದ್ದದ್ದನ್ನು ಅವರು ತಮ್ಮ ಮಕ್ಕಳೇ ಗೆದ್ದಂತೆ ವರ್ಣಿಸಿದರು. ಆದರೆ ನನ್ನ ಕಿವಿ ನೆಟ್ಟಗಾದದ್ದು ಅವರು ತೋರಿಸಿದ ಟೋಕಿಯೋದ ಒಂದು ಪಂದ್ಯದಲ್ಲಿ.

ಅಲ್ಲಿ ಕುದುರೆಗಳು ಸುಮ್ಮನೆ ಮೈದಾನಕ್ಕೆ ಬರುವುದಿಲ್ಲ. ಒಂದೊಂದಾಗಿ ಓಟದ ಹಾದಿಗೆ ಇಳಿಯುವಾಗ ಅದಕ್ಕೆಂದೇ ಗೊತ್ತುಮಾಡಿದ ಮಾರ್ಚ್ ಸಂಗೀತ ನುಡಿಯುತ್ತದೆ. ಆಮೇಲೆ ಓಟ ಆರಂಭವಾಗುವ ಮುಂಚೆ ಕಹಳೆಗಳ ಒಂದು ಚಿಕ್ಕ ನುಡಿ. ದೊಡ್ಡ ಪಂದ್ಯವಾದರೆ ವಾದ್ಯವೃಂದವೇ ಬಂದು ನಿಂತು ನುಡಿಸುತ್ತದೆ. ಸಾವಿರಾರು ಜನ ಕೈಯಲ್ಲಿದ್ದ ಪತ್ರಿಕೆಯನ್ನು ಸುರುಳಿ ಸುತ್ತಿ ಬೀಸುತ್ತ ತಾಳ ಹಾಕುತ್ತಾರೆ. ಟೋಕಿಯೋ, ನಕಯಾಮ ಮೈದಾನಗಳ ಅತಿ ದೊಡ್ಡ ಪಂದ್ಯಗಳಿಗೆ ಈ ಕಹಳೆ ನುಡಿಯನ್ನು ರಚಿಸಿಕೊಟ್ಟವರು ಸುಗಿಯಾಮ ಕೊಯಿಚಿ (1931-2021). ನಮ್ಮ ಮಕ್ಕಳು ಆಡುವ ಡ್ರ್ಯಾಗನ್ ಕ್ವೆಸ್ಟ್ ಎಂಬ ವಿಡಿಯೋ ಆಟದ ಸಂಗೀತವೂ ಇವರದೇ. ಕ್ಯೋಟೋ ಕಡೆಯ ಮೈದಾನಗಳಿಗೆ ಬೇರೆ ನುಡಿ. ಕೇಳಿದ ಕೂಡಲೇ ಇದು ಯಾವ ಊರಿನ ಪಂದ್ಯವೆಂದು ಹೇಳಬಹುದಂತೆ.

"ನಿಮ್ಮ ಊರಿನಲ್ಲಿ ಇಂಥದ್ದು ಉಂಟೇ?" ಎಂದು ಅವರು ಕೇಳಿದರು. ಬಿಡುತ್ತೇನೆಯೇ? ಕಂಬಳದ ಕಥೆ ಶುರುಮಾಡಿದೆ. ಕೆಸರಿನ ಕರೆ, ಜೋಡಿ ಕೋಣ, ಹಣೆಪಟ್ಟಿ, ಕೊಂಬು, ವಾಲಗ, ಡೋಲು ಎಲ್ಲ ಆಯಿತು. ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಅವರು ಒಂದೇ ಪ್ರಶ್ನೆ ಹಾಕಿದರು. "ಬಾರಿಸುವವರು ಯಾರು?"

ನನಗೆ ಉತ್ತರ ಗೊತ್ತಿತ್ತು. ಹೇಳಲು ನಾಲಿಗೆ ಏಳಲಿಲ್ಲ. ಸಂಪಾದಕರು ಈ ಸಂಚಿಕೆಗೆ ಚರಿತ್ರೆಯ ಬಗ್ಗೆ ಏನಾದರೂ ಬರೆಯಿರಿ ಎಂದಾಗ, ಆ ಉತ್ತರವನ್ನೇ ಬರೆಯೋಣವೆಂದುಕೊಂಡೆ.

ಘಟ್ಟದ ಮೇಲಿನ ಓದುಗರಿಗಾಗಿ ಎರಡು ಮಾತು. ಕಂಬಳವೆಂದರೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯಲ್ಲಿ ಸುಮಾರಾಗಿ ನವೆಂಬರಿನಿಂದ ಮಾರ್ಚ್‌ವರೆಗೆ ನಡೆಯುವ ಕೋಣಗಳ ಓಟ. ಓಡುವ ಕೆಸರು ಗದ್ದೆಯ ಪಟ್ಟಿಗೆ ಕರೆ ಎಂದು ಹೆಸರು. ಬಿಡುವ ಕಡೆ ಗಂತು, ಮುಟ್ಟುವ ಕಡೆ ಮಂಜೊಟ್ಟಿ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು. ಕನೆಹಲಗೆಯಲ್ಲಿ ವೇಗಕ್ಕಿಂತ ನೀರು ಮುಖ್ಯ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು.

ಇಂದು ನಾವು ಫೋನಿನಲ್ಲಿ ನೋಡುವ ಕಂಬಳ ಹಳೆಯದಲ್ಲ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಗ್ರಂಥದಲ್ಲಿ, ಬಂಟರ ಅಧ್ಯಾಯದಲ್ಲಿ, ಹಾರ್ಡಿಂಗ್ ಎಂಬ ಅಧಿಕಾರಿ ಬರೆದ ಕಂಬಳದ ವರ್ಣನೆಯಿದೆ. ಆಗ ಒಂದು ಸಲಕ್ಕೆ ಒಂದೇ ಜೊತೆ ಓಡುತ್ತಿತ್ತು. ಬಹುಮಾನವಿಲ್ಲ, ಪಣವಿಲ್ಲ, ತೀರ್ಪುಗಾರನೂ ಇಲ್ಲ. ನೆರೆದ ಜನವೇ ಓಟದ ಅಂದವನ್ನೂ ನೀರು ಹಾರಿದ ಎತ್ತರವನ್ನೂ ನೋಡಿ ಮೆಚ್ಚುತ್ತಿತ್ತು. ಒಂದು ಜೊತೆ ಓಟದ ಕೋಣಕ್ಕೆ 150ರಿಂದ 500 ರೂಪಾಯಿ ಬೆಲೆಯಿತ್ತಂತೆ. ಆ ಕಾಲದ 500 ರೂಪಾಯಿ!

ಎರಡು ಜೊತೆಗಳನ್ನು ಅಕ್ಕಪಕ್ಕದ ಕರೆಗಳಲ್ಲಿ ಓಡಿಸುವ ಜೋಡುಕರೆ ಸ್ಪರ್ಧೆ 1969-70ರಲ್ಲಿ ಬಜಗೋಳಿಯ ಲವ-ಕುಶ ಕಂಬಳದಿಂದ ಬೆಳೆಯಿತು. ಅಲ್ಲಿಂದ ಮುಂದೆ ಗಡಿಯಾರ, ಹೊನಲು ಬೆಳಕು, ಮೈಕು, ಲೇಸರ್ ಕಿರಣ ಎಲ್ಲ ಬಂದವು. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೋಹಾದ ನಮ್ಮ ಕ್ಯಾಂಟೀನಿಗೂ ತಲಪಿತ್ತು. ಸಂಗೀತದ ಜಾಗವೂ ಬದಲಾಯಿತೆಂದು ನನ್ನ ಎಣಿಕೆ. ಈಗ ಕೋಣಗಳನ್ನು ಯಜಮಾನರ ಮನೆಯವರು ಮೆರವಣಿಗೆಯಲ್ಲಿ ತರುವಾಗ ಬ್ಯಾಂಡು, ಕೊಂಬು, ಡೋಲು ಸೇರಿ ಗದ್ದಲವೇನೋ ಉಂಟು. ಆದರೆ ಗಂತಿಗೆ ಬಂದ ಮೇಲೆ ಉದ್ಘೋಷಕರ ಸ್ವರವೇ ವಾದ್ಯ.

ಹಳೆಯ ಕಂಬಳದಲ್ಲಿ ವಾದ್ಯ ಶುರುವಾಗುತ್ತಿದ್ದುದು ಹಿಂದಿನ ರಾತ್ರಿ. ಅದಕ್ಕೆ ಪನಿ ಕುಲ್ಲುನು ಎಂದು ಹೆಸರು. ತುಳುವಿನಲ್ಲಿ ಪನಿ ಎಂದರೆ ಮಂಜು, ಕುಲ್ಲುನು ಎಂದರೆ ಕೂರುವುದು. ಮಂಜಿನಲ್ಲಿ ಕೂರುತ್ತಿದ್ದವರು ಕೊರಗರು. ಗಂಡಸರು ಹೆಂಗಸರು ಎನ್ನದೆ ಕರೆಯ ಬದಿಯಲ್ಲಿ ಇರುಳಿಡೀ ಡೋಲು ಬಾರಿಸಿ, ಹಾಡಿ ಕುಣಿದು, ಕರೆಯನ್ನು ಕಾಯಬೇಕು. ಬೆಳಗಾದ ಮೇಲೆ, ಕೋಣಗಳು ಇಳಿಯುವ ಮೊದಲು, ಕೋಣಗಳ ಹಾಗೆ ಅವರು ಆ ಕೆಸರಿನಲ್ಲಿ ಓಡಬೇಕು. ಮುಳ್ಳು ಗಾಜು ಏನಿದ್ದರೂ ಮೊದಲು ಅವರ ಕಾಲಿಗೆ ಚುಚ್ಚಲಿ, ಕೆಡುಕು ಏನಿದ್ದರೂ ಅವರಿಗೆ ತಾಗಲಿ ಎಂಬುದು ಅದರ ಹಿಂದಿನ ಲೆಕ್ಕ.

ಇದಕ್ಕೆ ಕೂಲಿಯಿಲ್ಲ. ಇದು ಅಜಲು, ಎಂದರೆ ಹುಟ್ಟಿನಿಂದಲೇ ಬಂದ ಬಿಟ್ಟಿ ಚಾಕರಿ. ಸತ್ತರೆ ಡೋಲು, ಜಾತ್ರೆಗೆ ಡೋಲು, ಕಂಬಳಕ್ಕೆ ಡೋಲು. ಹೆರಿಗೆ ಮನೆಯಲ್ಲಿ ಕೂದಲು ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದೂ ಈ ಅಜಲಿನಲ್ಲೇ ಸೇರಿತ್ತು. ಓದುಗರಿಗೆ ಊಟದ ಹೊತ್ತಿನಲ್ಲಿ ಇದು ರುಚಿಸದು, ಕ್ಷಮಿಸಬೇಕು. ಆದರೆ ಕರ್ನಾಟಕದ ವಿಧಾನಮಂಡಲ 2000ದಲ್ಲಿ ಅಜಲು ನಿಷೇಧ ಕಾಯಿದೆ ಮಾಡಿದಾಗ ಅಜಲು ಎಂದರೇನೆಂದು ವಿವರಿಸಲು ಇದನ್ನೂ, ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದನ್ನೂ ಬಿಡಿಸಿ ಬರೆಯಬೇಕಾಯಿತು. ಅಸ್ಪೃಶ್ಯತೆಯನ್ನು ರದ್ದುಮಾಡಿದ ಸಂವಿಧಾನ ಜಾರಿಗೆ ಬಂದು ಆಗಲೇ 50 ವರ್ಷ. ಕಾಯಿದೆಗೆ ಆರು ವರ್ಷ ಮೊದಲು, 1994ರಲ್ಲಿ, ಡಾ. ಮೊಹಮ್ಮದ್ ಪೀರ್ ಅವರ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಹೇಳಿತ್ತು. ಬುಟ್ಟಿ ಹೆಣೆದು ಬದುಕುತ್ತಿದ್ದ ಈ ಜನ 2011ರ ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 15,000 ಮಾತ್ರ. ಭೂಮಿಗಾಗಿ ಅವರ ಸಂಘಟನೆಗಳು ವರದಿಯನ್ನು ಹಿಡಿದು ಎಷ್ಟೋ ವರ್ಷ ಧರಣಿ ಕೂತಿವೆ.

ಕಂಬಳ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ನಿಮಗೆಲ್ಲ ನೆನಪಿರಬಹುದು. 2014ರ ಜಲ್ಲಿಕಟ್ಟು ತೀರ್ಪು, 2016ರಲ್ಲಿ ಹೈಕೋರ್ಟಿನ ತಡೆ, 2017ರ ತಿದ್ದುಪಡಿ, ಕೊನೆಗೆ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆ. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ನಡೆಯಿತು. ನಮ್ಮಲ್ಲಿ ಕೆಲವರು ರಜೆ ಹೊಂದಿಸಿಕೊಂಡು ಹೋಗಿದ್ದರು. ಈ ಒಂಬತ್ತು ವರ್ಷ ಕೋಣದ ಬೆನ್ನಿನ ಏಟಿನ ಬಗ್ಗೆ ದೇಶವೆಲ್ಲ ಮಾತಾಡಿತು. ಮಾತಾಡಬೇಕಾದದ್ದೇ. ಆದರೆ ನಾನು ಓದಿದ ವಾದಗಳಲ್ಲಿ ಮಂಜಿನಲ್ಲಿ ಕೂತವರ ಸುದ್ದಿ ತೀರ ಅಪರೂಪ.

ಇಲ್ಲಿ ಶಹಾನಿಯಾದ ಒಂಟೆ ಓಟವನ್ನು ಮಕ್ಕಳಿಗೆ ತೋರಿಸಲು ನಾವೆಲ್ಲ ಒಮ್ಮೆಯಾದರೂ ಹೋಗಿದ್ದೇವೆ. ಒಂಟೆಯ ಬೆನ್ನ ಮೇಲೆ ಪುಟ್ಟ ಯಂತ್ರ ಸವಾರ, ಪಕ್ಕದ ರಸ್ತೆಯಲ್ಲಿ ಸಾಲು ಕಾರುಗಳ ಹಾರನ್ನು. ಮಕ್ಕಳಿಗೆ ಅದು ತಮಾಷೆ. 2005ರವರೆಗೆ ಆ ಬೆನ್ನ ಮೇಲೆ ಪರದೇಶಗಳಿಂದ ತಂದ ಚಿಕ್ಕ ಮಕ್ಕಳಿದ್ದರು. ಆ ವರ್ಷ ಕತಾರ್ ಕಾನೂನು ಮಾಡಿ ನಿಲ್ಲಿಸಿತು. ಓಟ ನಿಲ್ಲಲಿಲ್ಲ.

ಡೋಲು ಕೂಡ ನಿಂತಿಲ್ಲ. ಕೊರಗರಲ್ಲೇ ಕೆಲವರು ಅದನ್ನು ಮುಟ್ಟಲೇ ಬಾರದೆನ್ನುತ್ತಾರೆ. ಇನ್ನು ಕೆಲವರು ತಮ್ಮದೇ ತಂಡ ಕಟ್ಟಿ, ಸಂಭಾವನೆ ಗೊತ್ತುಮಾಡಿ, ವೇದಿಕೆಯಲ್ಲಿ ಬಾರಿಸುತ್ತಾರೆ. ಎರಡರಲ್ಲಿ ಯಾವುದು ಸರಿಯೆಂದು ಹೇಳುವ ಅಧಿಕಾರ ಬಾರಿಸಿಕೊಂಡ ಮನೆಯಲ್ಲಿ ಹುಟ್ಟಿದ ನನಗಿಲ್ಲ.

ಹೌದು, ನಮ್ಮ ಅಜ್ಜನ ಮನೆಗೂ ಒಂದು ಕಂಬಳದ ಗದ್ದೆಯಿತ್ತು, ಕಾರ್ಕಳದ ಕಡೆ. ನಾನು ಏಳೆಂಟು ವರ್ಷದವನಿದ್ದಾಗ ಚಾವಡಿಯಲ್ಲಿ ಕಂಬಳಿ ಹೊದ್ದು ಮಲಗಿ ಆ ಡೋಲು ಕೇಳಿದ್ದೇನೆ. ನಿದ್ದೆಯಲ್ಲಿ ಹತ್ತಿರವಾಗಿ, ದೂರವಾಗಿ ಕೇಳುತ್ತಿದ್ದ ಆ ಶಬ್ದ ನನಗೆ ಬಾಲ್ಯದ ಅತ್ಯಂತ ಸವಿಯಾದ ನೆನಪು. ಅದೇ ಇಲ್ಲಿಯ ತೊಡಕು.

ಕಳೆದ ಶುಕ್ರವಾರ ಊರಿಗೆ ಫೋನು ಮಾಡಿದಾಗ ಅಮ್ಮನನ್ನು ಕೇಳಿದೆ, ಅವರಿಗೆ ಏನು ಕೊಡುತ್ತಿದ್ದಿರಿ ಎಂದು. "ಅಕ್ಕಿ, ತೆಂಗಿನಕಾಯಿ, ಒಂದು ಹಳೆಯ ಬಟ್ಟೆ" ಎಂದರು.

"ಊಟ?"

"ಗದ್ದೆಯ ಬದಿಯಲ್ಲೇ. ಅಂಗಳಕ್ಕೆ ಬರುವ ಹಾಗಿರಲಿಲ್ಲವಲ್ಲ." ಸ್ವಲ್ಪ ಹೊತ್ತು ಅಮ್ಮ ಮಾತಾಡಲಿಲ್ಲ. ಆಮೇಲೆ, "ಇದನ್ನೂ ಬರೆಯುತ್ತೀಯಾ ಮಗಾ?" ಎಂದರು.

ಬರೆಯುತ್ತೇನೆ ಎಂದೆ.